ಮನೆಯವರು ಗಾಳಿ ಅಂತಾರೆ, ನಿಮಗೆ ಕಾಯಿಲೆ ಅನ್ಸತ್ತೆ: ಜಗಳ ಆಡದೆ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದು ಹೇಗೆ

ಮದ್ದೂರು, ನಾಗಮಂಗಲ, ಟಿ. ನರಸೀಪುರ ಕಡೆ ಯಾವ ಊರಲ್ಲಾದ್ರೂ ಒಬ್ಬ ಹುಡುಗ ರಾತ್ರಿಯೆಲ್ಲಾ ಎದ್ದು ಕೂತ್ಕೊಂಡು ಒಬ್ಬನೇ ಮಾತಾಡೋಕೆ ಶುರು ಮಾಡಿದ ಅಂದ್ರೆ ಮನೇಲಿ ಮೊದಲು ಬರೋ ಪ್ರಶ್ನೆ "ಯಾವ ಹೊತ್ನಲ್ಲಿ ಆಚೆ ಹೋಗಿದ್ದ, ಏನು ದಾಟಿದ್ದ" ಅಂತ. ಮೂರು ದಾರಿ ಸೇರೋ ಕಡೆ ಯಾರೋ ನಿವಾಳಿಸಿ ಎಸೆದಿದ್ದ ನಿಂಬೆಹಣ್ಣು ತುಳಿದಿರಬೇಕು, ಇಲ್ಲಾ ಆಗದವರು ಯಾರೋ ಮಾಡ್ಸಿರಬೇಕು. ಅದೇ ಹುಡುಗ ಮೈಸೂರಲ್ಲಿ ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಇದ್ರೆ "ಎಕ್ಸಾಮ್ ಸ್ಟ್ರೆಸ್ಸು, ಮೊಬೈಲ್ ಜಾಸ್ತಿ, ಜಾತಕದಲ್ಲಿ ಸಾಡೇಸಾತಿ ಬೇರೆ ನಡೀತಿದೆ, ಯೋಗಕ್ಕೆ ಸೇರ್ಸಿ" ಅಂತಾರೆ. ಎರಡು ಮನೇಲೂ ಹುಡುಗನ ಕಷ್ಟ ಒಂದೇ, ಎರಡು ಮನೆಯವರೂ ಅವನನ್ನ ಪ್ರೀತಿಸೋರೇ, ಆದ್ರೆ ಕಷ್ಟಕ್ಕೆ ಏನು ಕಾರಣ ಅಂತ ಮನೆಯವರು ತೀರ್ಮಾನ ಮಾಡ್ಕೋತಾರೋ ಅದರ ಮೇಲೆ ಮೊದಲು ಎಲ್ಲಿಗೆ ಹೋಗ್ತಾರೆ, ಎಷ್ಟು ತಿಂಗಳು ಹಾಳಾಗತ್ತೆ, ಕೊನೆಗೆ ಡಾಕ್ಟರ್ ಮುಂದೆ ಕೂತಾಗ ಏನು ಹೇಳ್ತಾರೆ ಏನು ಮುಚ್ಚಿಡ್ತಾರೆ, ಎಲ್ಲಾ ನಿಂತಿರತ್ತೆ.

ಇದನ್ನ ಬರೀತಿರೋದು ಮನೇಲಿ ಇಂಥ ಟೈಮಲ್ಲಿ ಮಧ್ಯೆ ಸಿಕ್ಕಾಕೊಳ್ಳೋರಿಗೆ. ಸ್ವಲ್ಪ ಓದಿರೋ ಮಗಳು, ಸಿಟಿಲಿ ಕೆಲಸ ಮಾಡೋ ಅಣ್ಣ, ಹೊಸದಾಗಿ ಬಂದ ಸೊಸೆ, ಊರಿನ ಆಶಾ ಕಾರ್ಯಕರ್ತೆ. ನಿಮಗೆ ಇದು ಕಾಯಿಲೆ ಅಂತ ಗೊತ್ತಾಗಿದೆ, ಹಿರಿಯರಿಗೆ ಹೇಳಿದ್ರೆ "ನಿಂಗೇನ್ ಗೊತ್ತಾಯ್ತದೆ ಸುಮ್ಕಿರು" ಅಂತ ಬಾಯಿ ಮುಚ್ಚಿಸ್ತಾರೆ. ನಾನು ಹೇಳೋದು ಇಷ್ಟು: ಕಾರಣದ ಬಗ್ಗೆ ವಾದ ಮಾಡಿ ಗೆಲ್ಲೋಕೆ ಹೋಗ್ಬೇಡಿ, ಅವರ ನಂಬಿಕೆನ ಪಕ್ಕದಲ್ಲೇ ಇಟ್ಕೊಂಡು ಚಿಕಿತ್ಸೆ ಶುರು ಮಾಡ್ಸಿ. ಅದಕ್ಕೆ ದಾರಿ ಇದೆ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ, "ನಮ್ಮ ಜನ ಮೂಢರು" ಅನ್ನೋ ಸಿಟ್ಟು ಇದ್ರೆ ಈ ಕೆಲಸ ಆಗಲ್ಲ. ಮನಸ್ಸಿನ ಕಷ್ಟನ ತಮ್ಮ ತಮ್ಮ ಪದ್ಧತಿ ಪ್ರಕಾರ ಅರ್ಥ ಮಾಡ್ಕೊಳ್ಳೋದು ಪ್ರಪಂಚದ ಎಲ್ಲಾ ಕಡೆನೂ ಇದೆ. ಜಪಾನಲ್ಲಿ ಕೆಲವರಿಗೆ ತನ್ನ ಮೈ ವಾಸನೆಯಿಂದ, ತನ್ನ ನೋಟದಿಂದ ಎದುರಿಗಿರೋರಿಗೆ ಬೇಜಾರಾಗ್ತಿದೆ ಅನ್ನೋ ಭಯ ಹಿಡ್ಕೊಳತ್ತೆ, ಅದಕ್ಕೆ ಅಲ್ಲಿ ತೈಜಿನ್ ಕ್ಯೋಫುಶೋ ಅಂತಾರೆ. ಬೇರೆಯವರಿಗೆ ಮುಜುಗರ ಮಾಡಬಾರದು ಅನ್ನೋದು ಅಷ್ಟು ದೊಡ್ಡದಾಗಿರೋ ಸಮಾಜದಲ್ಲಿ ಭಯನೂ ಅದೇ ದಾರಿ ಹಿಡಿಯತ್ತೆ. ಚೀನಾದಲ್ಲಿ 1980ರ ಸುಮಾರಿಗೆ ಆರ್ಥರ್ ಕ್ಲೈನ್‌ಮನ್ ಅನ್ನೋ ಅಮೆರಿಕದ ಮನೋವೈದ್ಯರು ಹುನಾನ್ ಪ್ರಾಂತ್ಯದ ಆಸ್ಪತ್ರೇಲಿ ನರ ದೌರ್ಬಲ್ಯ ಅಂತ ಬಂದಿದ್ದ 100 ಜನರನ್ನ ಕೂರಿಸ್ಕೊಂಡು ಮಾತಾಡ್ಸಿದ್ರು, ತಲೆನೋವು, ಸುಸ್ತು, ನಿದ್ದೆ ಇಲ್ಲ ಅಂತಿದ್ದೋರಲ್ಲಿ ಬಹಳ ಜನಕ್ಕೆ ಇದ್ದಿದ್ದು ಖಿನ್ನತೆ. ಹಿಂದಿನ ರಾಜಕೀಯ ಗಲಾಟೇಲಿ ನೊಂದ ಜನ, ಬೇಜಾರಾಗಿದೆ ಅಂತ ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ, ತಲೆನೋವು ಅಂತ ಹೇಳಿದ್ರೆ ಯಾರೂ ಏನೂ ಅನ್ನಲ್ಲ. ನಮ್ಮ ಕಡೆ ಹೆಂಗಸರು ಆಸ್ಪತ್ರೆಗೆ ಬಂದು "ಎದೆ ಉರಿ, ಮೈಕೈ ಎಲ್ಲಾ ಹಿಂಡದಂಗೆ ಆಯ್ತದೆ, ತಲೆ ಧಿಮ್ ಅಂತದೆ, ಬಿಳುಪು ಹೋಗ್ತದೆ" ಅಂತ ಹೇಳಿ ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡು ವಾಪಸ್ ಹೋಗ್ತಾರಲ್ಲ, ಅದರಲ್ಲೂ ಎಷ್ಟೋ ಸಲ ಇದೇ ಕಥೆ. ಗಂಡ ಕುಡೀತಾನೆ, ಅತ್ತೆ ಜೊತೆ ಆಗಲ್ಲ, ಸಂಘದ ಸಾಲ ಕಟ್ಟೋಕಾಗ್ತಿಲ್ಲ ಅಂತ ಡಾಕ್ಟರ್ ಹತ್ರ ಹೇಳೋಕಾಗತ್ತಾ? ಎದೆ ಉರಿ ಅಂತ ಹೇಳ್ಬೋದು.

ಇನ್ನು ಬಸ್ ಸ್ಟ್ಯಾಂಡ್ ಕಾಂಪೌಂಡ್ ಮೇಲೆ ಗುಪ್ತ ರೋಗದ ಪೋಸ್ಟರ್ ಓದಿ ಭಯ ಬಿದ್ದು ದುಡ್ಡು ಕಳ್ಕೊಳ್ಳೋ ಹುಡುಗರು. ಧಾತು, ಅಂದ್ರೆ ವೀರ್ಯ, ಹೋಗ್ತಿದೆ, ಅದಕ್ಕೇ ಸುಸ್ತು, ಅದಕ್ಕೇ ನೆನಪಿನ ಶಕ್ತಿ ಹೋಯ್ತು ಅನ್ನೋ ಈ ಭಯಕ್ಕೆ 1960ರಲ್ಲೇ ಡಾ. ಎನ್. ಎನ್. ವಿಗ್ ಧಾತ್ ಸಿಂಡ್ರೋಮ್ ಅಂತ ಹೆಸರು ಕೊಟ್ರು. ಬರೀ ನಮ್ಮವರದ್ದು ಅಂತಲ್ಲ, 18ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಟಿಸ್ಸೋ ಅನ್ನೋ ಡಾಕ್ಟರು ಇದೇ ಮಾತು ಹೇಳಿ ಯುರೋಪನ್ನೆಲ್ಲಾ ಹೆದರಿಸಿದ್ದ. ಅಂಥ ಹುಡುಗನಿಗೆ ನಕ್ಕು "ಅದೆಲ್ಲಾ ಏನಿಲ್ಲ ಹೋಗೋ" ಅಂದ್ರೆ ಅವನು ಸೀದಾ ಪೋಸ್ಟರ್ ನಂಬರಿಗೆ ಫೋನ್ ಮಾಡ್ತಾನೆ. ಅವನ ಸುಸ್ತು ನಿಜ, ನಿದ್ದೆ ಇಲ್ಲದಿರೋದು ನಿಜ, ಆತಂಕ ನಿಜ, ಅದಕ್ಕೆ ಚಿಕಿತ್ಸೆ ಇದೆ ಅಂತ ಹೇಳಬೇಕು.

ನನಗೆ ತುಂಬಾ ಹಿಡಿಸಿದ ಅಧ್ಯಯನ ಒಂದಿದೆ. ಸ್ಟ್ಯಾನ್‌ಫರ್ಡಿನ ತಾನ್ಯಾ ಲೂರ್‌ಮನ್ ಮತ್ತು ಅವರ ಜೊತೆಯವರು ಇಲ್ಲದ ಧ್ವನಿ ಕಿವಿಯಲ್ಲಿ ಕೇಳೋ ಸ್ಕಿಜೋಫ್ರೇನಿಯಾ ಥರದ ಕಾಯಿಲೆ ಇರೋರನ್ನ ಮೂರು ಊರಲ್ಲಿ ಮಾತಾಡ್ಸಿದ್ರು, ಅಮೆರಿಕದ ಸ್ಯಾನ್ ಮಟೇಯೊ, ಘಾನಾ ದೇಶದ ಅಕ್ರಾ, ನಮ್ಮ ಪಕ್ಕದ ಚೆನ್ನೈ, ಒಂದೊಂದು ಕಡೆ 20 ಜನ. ಅಮೆರಿಕದವರಿಗೆ ಕೇಳೋ ಧ್ವನಿ ಹೆಚ್ಚಾಗಿ ಹೊಡಿ ಬಡಿ ಅನ್ನೋ ಕ್ರೂರ ಧ್ವನಿ, ಅಕ್ರಾದಲ್ಲಿ ಬಹಳ ಜನಕ್ಕೆ ದೇವರೇ ಮಾತಾಡ್ತಾನೆ, ಚೆನ್ನೈನವರಲ್ಲಿ ಸುಮಾರು ಜನಕ್ಕೆ ನೆಂಟರ ಧ್ವನಿ, ಅತ್ತೆನೋ ಅಮ್ಮನೋ "ಎದ್ದೇಳು, ಸ್ನಾನ ಮಾಡು, ಅಡುಗೆ ಮಾಡು" ಅಂತ ಬೈಯೋದು, ಹೇಳಿಕೊಡೋದು. ಕಾಯಿಲೆ ಅದೇ, ಆದ್ರೆ ಒಳಗೆ ಬಂದು ಮಾತಾಡೋರು ಆ ಊರಿನೋರೇ. ಹಾಗಾಗಿ ನಿಮ್ಮ ತಮ್ಮ "ತೀರಿಹೋದ ದೊಡ್ಡಪ್ಪ ಕರೀತಾವ್ರೆ" ಅಂದ್ರೆ ಅದು ನಾಟಕ ಅಲ್ಲ, ಅಜ್ಞಾನನೂ ಅಲ್ಲ, ಅವನಿಗೆ ನಿಜವಾಗ್ಲೂ ಕೇಳಿಸ್ತಿದೆ.

ಈಗ ಕೆಲಸಕ್ಕೆ ಬರೋಣ.

ಮೊದಲು ಕೇಳಿ, ಆಮೇಲೆ ಹೇಳಿ

ಅದೇ ಕ್ಲೈನ್‌ಮನ್ 1970ರ ದಶಕದಲ್ಲಿ ಡಾಕ್ಟರುಗಳಿಗೆ ಅಂತ ಒಂದಷ್ಟು ಪ್ರಶ್ನೆ ಮಾಡಿಕೊಟ್ಟಿದ್ರು: ಈ ಕಷ್ಟಕ್ಕೆ ನೀವು ಏನಂತೀರಿ, ಯಾಕೆ ಬಂತು ಅನ್ಸತ್ತೆ, ಈಗಲೇ ಯಾಕೆ ಶುರುವಾಯ್ತು, ಇದರಲ್ಲಿ ನಿಮಗೆ ಅತಿ ಹೆಚ್ಚು ಭಯ ಯಾವುದು, ಯಾವ ಚಿಕಿತ್ಸೆ ಬೇಕು ಅಂತ ನಿಮಗನ್ಸತ್ತೆ. 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನೋ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಇದೇ ದಾರಿಯ 16 ಪ್ರಶ್ನೆ ಸೇರ್ಸಿದ್ದಾರೆ. ಇವು ಡಾಕ್ಟರ್ ಕೇಳೋದಕ್ಕಿಂತ ಮನೇಲಿ ನಾವೇ ಕೇಳಿದ್ರೆ ಇನ್ನೂ ಉಪಯೋಗ, ಯಾಕಂದ್ರೆ ಓಪಿಡಿಲಿ ಅಷ್ಟು ಟೈಮ್ ಸಿಗಲ್ಲ, ಅಜ್ಜಿ ಅಲ್ಲಿ ಬಾಯಿ ಬಿಡೋದೂ ಇಲ್ಲ.

ಆದ್ರೆ ಪ್ರಶ್ನೆ ಪತ್ರಿಕೆ ಥರ ಕೇಳ್ಬೇಡಿ. ಸಂಜೆ ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಾಗ ಕೇಳಿ. ಹೀಗೆ ನಡೀಬೋದು ಅಂತ ಒಂದು ಉದಾಹರಣೆ ಬರೀತೀನಿ.

"ಅವುನ್ಗೆ ಗಾಳಿ ಆಗದೆ ಕಣವ್ವ, ಬ್ಯಾರೆ ಏನಿಲ್ಲ."
"ಯಾವಾಗಿಂದ ಅಜ್ಜಿ ಹಿಂಗೆ?"
"ಮಾರಿಹಬ್ಬ ಆದ್ಮೇಲಿಂದ. ರಾತ್ರಿ ಸಿಡಿ ಆಡೋದು ನೋಡ್ಕಂಡು ಒಬ್ನೇ ಬಂದ, ಅವತ್ತೇ ಹಿಡ್ಕಂಡದೆ."
"ಅದಕ್ಕೂ ಮುಂಚೆ ಚೆನ್ನಾಗಿದ್ನಾ?"
"ಮುಂಚೆನೂ ಮಂಕಾಗಿದ್ದ ಬುಡು. ಸ್ನೇಹಿತ್ರು ಬಂದ್ರೆ ಆಚೆಗೇ ಬರ್ತಿರ್ಲಿಲ್ಲ. ಗದ್ದೆಗೆ ನೀರು ಕಟ್ಟು ಅಂತ ಕಳ್ಸುದ್ರೆ ಬದಿನ ಮೇಲೆ ಸುಮ್ನೆ ಕೂತಿರನು. ಯುಗಾದಿಗೆ ಹೊಸ ಬಟ್ಟೆನೂ ಹಾಕ್ಲಿಲ್ಲ."
"ನಿಂಗೆ ಏನು ಭಯ ಅಜ್ಜಿ?"
"ಅವ್ರಪ್ಪನಂಗೆ ಮನೆ ಬುಟ್ಟು ಹೊಂಟೋದಾನು ಅಂತ."

ನೋಡಿ, ಗಾಳಿ ಅನ್ನೋ ಮಾತನ್ನ ಅಲ್ಲಗಳೆಯದೆ ಸುಮ್ಮನೆ ಕೇಳ್ತಾ ಹೋಗಿದ್ದಕ್ಕೆ ಎಷ್ಟು ಸಿಕ್ತು. ಕಾಯಿಲೆ ಹಬ್ಬದ ರಾತ್ರಿ ಶುರುವಾಗಿದ್ದಲ್ಲ, ಅದಕ್ಕೆ ತಿಂಗಳುಗಟ್ಟಲೆ ಮುಂಚೆನೇ ಹುಡುಗ ಜನರಿಂದ ದೂರ ಆಗ್ತಿದ್ದ, ಅವರಪ್ಪನಿಗೂ ಏನೋ ಇತ್ತು, ಅಜ್ಜಿಗೆ ದೆವ್ವಕ್ಕಿಂತ ಜಾಸ್ತಿ ಭಯ ಮೊಮ್ಮಗ ಮನೆ ಬಿಟ್ಟು ಹೋಗ್ತಾನೆ ಅಂತ. ಡಾಕ್ಟರಿಗೆ ಬೇಕಾಗಿರೋದು ಇದೇ ಮೂರು. ಮನೆಗೆ ಬಂದ ತಕ್ಷಣ "ಅಜ್ಜಿ ಇದು ಸ್ಕಿಜೋಫ್ರೇನಿಯಾ" ಅಂದಿದ್ರೆ ಒಂದೂ ಸಿಗ್ತಿರ್ಲಿಲ್ಲ. ಕೇಳಿದ್ದನ್ನ ತಾರೀಖು ಇಲ್ಲದಿದ್ರೂ ಹಬ್ಬದ ಲೆಕ್ಕದಲ್ಲಿ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಯುಗಾದಿ ಹೊತ್ತಿಗೆ ಹೀಗೆ, ಗೌರಿ ಹಬ್ಬದ ಹೊತ್ತಿಗೆ ಹೀಗೆ ಅಂತ, ನಮ್ಮ ಹಿರಿಯರ ನೆನಪು ಹಬ್ಬ, ನಾಟಿ, ಕಟಾವು ಇದರ ಮೇಲೇ ನಿಲ್ಲೋದು.

ಎಲ್ಲಾ ಕಾಯಿಲೆ ಅಲ್ಲ

ಇದನ್ನ ಓದಿದವರಿಗೇ ಜಾಸ್ತಿ ಹೇಳಬೇಕು. ಮಾರಮ್ಮನ ಹಬ್ಬದಲ್ಲಿ ಗುಡ್ಡಪ್ಪನ, ಅಂದ್ರೆ ಊರ ದೇವರ ಪೂಜಾರಿಯ, ಮೈಮೇಲೆ ದೇವರು ಬರೋದು, ಜಾತ್ರೇಲಿ ತಮಟೆ ಸದ್ದಿಗೆ ಒಬ್ಬ ಹೆಂಗಸು ತೂಗಾಡಿ ಒಂದೆರಡು ಮಾತು ಹೇಳಿ ತೀರ್ಥ ಹಾಕಿದ ಮೇಲೆ ಎದ್ದು ಹೋಗಿ ರಾಗಿಮುದ್ದೆ ತಿರುವೋದು, ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟಿಯಲ್ಲೂ ಮೈಮೇಲೆ ಬರೋದಕ್ಕೆ ಸಂಬಂಧಪಟ್ಟ ಒಂದು ಕಾಯಿಲೆ ಇದೆ, ಆದ್ರೆ ಆ ಸಮಾಜ ಒಪ್ಪಿರೋ ಧಾರ್ಮಿಕ ಆಚರಣೆಯ ಭಾಗವಾಗಿ ಬಂದ್ರೆ ಅದನ್ನ ಕಾಯಿಲೆ ಅನ್ನಬಾರದು ಅಂತ ಅಲ್ಲೇ ಬರೆದಿದೆ. ನೀವು ನೋಡಬೇಕಾಗಿರೋದು ಎಲ್ಲಿ ಬರತ್ತೆ, ಎಷ್ಟು ಹೊತ್ತು ಇರತ್ತೆ, ಆಮೇಲೆ ಅವರು ಅವರಾಗ್ತಾರಾ ಇಲ್ವಾ ಅಂತ. ಹಬ್ಬ ಇಲ್ಲ, ತಮಟೆ ಇಲ್ಲ, ಅಡುಗೆಮನೇಲಿ ನಿಂತಾಗ ಬರತ್ತೆ, ವಾರಗಟ್ಟಲೆ ನಿದ್ದೆ ಇಲ್ಲ, ಮಗುಗೆ ಹಾಲು ಕೊಡೋದು ಮರೀತಾಳೆ, ಅವಳಿಗೇ ಅದು ಬೇಡವಾಗಿದೆ ಆದ್ರೂ ತಡೆಯೋಕಾಗ್ತಿಲ್ಲ ಅಂದ್ರೆ ತೋರಿಸ್ಬೇಕು. ಹೊಸದಾಗಿ ಮದುವೆಯಾದ ಹುಡುಗಿಗೆ ಪದೇ ಪದೇ ಮೈಮೇಲೆ ಬರ್ತಿದ್ರೆ ಅವಳನ್ನ ಒಬ್ಬಳನ್ನೇ ಕೂರಿಸ್ಕೊಂಡು ಮನೇಲಿ ಏನು ನಡೀತಿದೆ ಅಂತ ಮೆಲ್ಲಗೆ ಕೇಳಿ. ಬಾಯಿಬಿಟ್ಟು ಹೇಳೋಕೆ ಜಾಗ ಇಲ್ಲದ ಸಂಕಟ ದೇವರ ಬಾಯಲ್ಲಿ ಆಚೆ ಬರೋದುಂಟು.

ಈ ನಂಬಿಕೆ ನಮ್ಮ ನೆಲದಲ್ಲಿ ಎಷ್ಟು ಹಳೇದು ಅಂದ್ರೆ ಪಾಂಡವಪುರದ ಹತ್ರ ತೊಣ್ಣೂರಿಗೆ ಹೋದ್ರೆ ಈಗಲೂ ಹೇಳ್ತಾರೆ, ಹೊಯ್ಸಳ ರಾಜ ಬಿಟ್ಟಿದೇವನ ಮಗಳಿಗೆ ಪಿಶಾಚಿ ಹಿಡಿದಿತ್ತು, ರಾಮಾನುಜಾಚಾರ್ಯರು ಬಿಡಿಸಿದ್ರು, ಆಮೇಲೆ ರಾಜ ವಿಷ್ಣುವರ್ಧನ ಆದ ಅಂತ. ಶ್ರೀರಂಗಪಟ್ಟಣದ ಹತ್ರ ಆರತಿ ಉಕ್ಕಡದಲ್ಲಿ ತಡೆ ಒಡೆಸೋಕೆ, ಅಂದ್ರೆ ಮಾಟ ಪೀಡೆ ಕಳ್ಕೊಳ್ಳೋಕೆ, ಜನ ಈಗಲೂ ಹೋಗ್ತಾರೆ. ಇಷ್ಟು ಆಳಕ್ಕೆ ಇಳಿದಿರೋದನ್ನ ಒಂದು ಸಂಜೆ ವಾದ ಮಾಡಿ ಕೀಳೋಕಾಗಲ್ಲ, ಕೀಳಬೇಕಾಗೂ ಇಲ್ಲ.

ಕಾಯೋ ಹಾಗೆ ಇಲ್ಲದ ಸಂದರ್ಭಗಳು

ಇಲ್ಲಿ ಮಾತ್ರ ತಾಳ್ಮೆ ಬೇಡ. ಗುಡ್ಡಪ್ಪ, ಶಾಸ್ತ್ರ, ಅಪ್ಪಣೆ ಎಲ್ಲಾ ಆಮೇಲೆ, ಮೊದಲು ಆಸ್ಪತ್ರೆ.

ಒಂದು, ಕುಡಿಯೋದು ಬಿಟ್ಟ ಮೇಲೆ ಬರೋ ಗಾಳಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ನಮ್ಮ ಕಡೆ ಇದು ಜೀವ ತೆಗೆಯತ್ತೆ. ವರ್ಷಗಟ್ಟಲೆ ದಿನಾ ಕುಡೀತಿದ್ದ ಮನುಷ್ಯ ಮಾಲೆ ಹಾಕಿದ ಅಂತಲೋ, ದೇವರ ಮುಂದೆ ಆಣೆ ಮಾಡಿದ ಅಂತಲೋ, ಇಲ್ಲಾ ಕಾಲು ಮುರ್ಕೊಂಡು ಮಲಗಿದ ಅಂತಲೋ ಒಂದೇ ಸಲ ನಿಲ್ಲಿಸ್ತಾನೆ. ಎರಡು ಮೂರು ದಿನಕ್ಕೆ ಕೈ ನಡುಗತ್ತೆ, ಬೆವರು, ನಿದ್ದೆ ಇಲ್ಲ, ಗೋಡೆ ಮೇಲೆ ಹುಳ ಹರೀತಿದೆ ಅಂತಾನೆ, ಇಲ್ಲದೋರ ಜೊತೆ ಮಾತಾಡ್ತಾನೆ, ಯಾವ ಊರಲ್ಲಿದ್ದೀನಿ ಅಂತ ಗೊತ್ತಾಗಲ್ಲ, ಫಿಟ್ಸ್ ಬರಬಹುದು. ಮನೆಯವರು ಕುಡಿಯೋದು ಬಿಟ್ಟಿದ್ದಕ್ಕೆ ಪೀಡೆ ಅಮರ್ಕೊಂತು ಅಂತ ಬೇವಿನ ಸೊಪ್ಪಲ್ಲಿ ಇಳಿ ತೆಗೀತಾ ಕೂರ್ತಾರೆ. ಇದು ಮದ್ಯ ನಿಂತಾಗ ಮೆದುಳಿಗೆ ಆಗೋ ಏರುಪೇರು, ಚಿಕಿತ್ಸೆ ಇಲ್ಲದಿದ್ರೆ ಸಾಯೋದೂ ಉಂಟು, ಡ್ರಿಪ್ಪು ಇಂಜೆಕ್ಷನ್ನು ವಿಟಮಿನ್ನು ಕೊಟ್ರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಸರಿಹೋಗತ್ತೆ. ಜಾಸ್ತಿ ಕುಡಿಯೋರು ನಿಲ್ಲಿಸ್ಬೇಕು ಅಂದ್ರೆ ಡಾಕ್ಟರಿಗೆ ಹೇಳಿಯೇ ನಿಲ್ಲಿಸ್ಬೇಕು.

ಇನ್ನೊಂದು ಬಾಣಂತಿ ಸನ್ನಿ. ಹೆರಿಗೆಯಾಗಿ ಸಾಮಾನ್ಯವಾಗಿ ಎರಡು ವಾರದೊಳಗೆ ನಿದ್ದೆ ಪೂರ್ತಿ ಹೋಗತ್ತೆ, ಏನೇನೋ ಮಾತಾಡ್ತಾಳೆ, ಮಗು ನಂದಲ್ಲ ಅಂತಾಳೆ, ಅನುಮಾನ, ಒಂದು ಗಳಿಗೆ ನಗು ಒಂದು ಗಳಿಗೆ ಅಳು. ಶೀತ ಆಗಿದೆ, ಕಿವಿಗೆ ಗಾಳಿ ಹೋಗಿದೆ ಅಂತ ಕತ್ತಲ ಕೋಣೇಲಿ ಇನ್ನಷ್ಟು ಬಟ್ಟೆ ಸುತ್ತಿ ಮಲಗಿಸ್ಬೇಡಿ. ಬಾಣಂತನದ ಆರೈಕೆ ಒಳ್ಳೇದೇ, ತಾಯಿಮನೆಯಲ್ಲಿ ರೆಸ್ಟ್ ಸಿಗೋದು ದೊಡ್ಡದು, ಆದ್ರೆ ಇದು ಎಮರ್ಜೆನ್ಸಿ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ, ಅವತ್ತೇ ಕರ್ಕೊಂಡು ಹೋಗ್ಬೇಕು. ಬೆಂಗಳೂರಿನ ನಿಮ್ಹಾನ್ಸಲ್ಲಿ ತಾಯಿ ಮಗು ಒಟ್ಟಿಗೆ ಇರೋ ವಾರ್ಡೇ ಇದೆ. ಸರಿಯಾದ ಚಿಕಿತ್ಸೆಗೆ ಇದು ಚೆನ್ನಾಗಿ ವಾಸಿಯಾಗತ್ತೆ, ಮುಂದಿನ ಹೆರಿಗೆಗೆ ಮುಂಚೆ ಮಾತ್ರ ಡಾಕ್ಟರಿಗೆ ಹೇಳಬೇಕು.

ಜ್ವರ ಬಂದು ಬಡಬಡಿಸೋದು, ವಯಸ್ಸಾದವರು ಒಂದೆರಡು ದಿನದಲ್ಲೇ ದಿಢೀರ್ ಅಂತ ಗೊಂದಲ ಆಗೋದು, ತಲೆಗೆ ಪೆಟ್ಟಾದ ಮೇಲೆ ನಡವಳಿಕೆ ಬದಲಾಗೋದು, ಊಟ ನೀರು ಪೂರ್ತಿ ಬಿಡೋದು, ಇವೂ ಅಷ್ಟೇ.

ಮತ್ತೆ ಸಾಯೋ ಮಾತು. "ನಾನಿದ್ದು ಏನು ಪ್ರಯೋಜನ" ಅಂತ ಯಾರಾದ್ರೂ ಅಂದ್ರೆ, ಅದರಲ್ಲೂ ಗಂಡಸರು, ಸಾಲ ಇರೋರು, ಮಾತು ಕಮ್ಮಿ ಮಾಡಿ ಕುಡಿಯೋದು ಜಾಸ್ತಿ ಮಾಡಿರೋರು, ನೇರವಾಗಿ ಕೇಳಿ: "ಜೀವ ತೆಕ್ಕೋಬೇಕು ಅಂತ ಯೋಚ್ನೆ ಬರ್ತಿದ್ಯಾ?" ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಲ್ಲ, ಹೇಳ್ಕೊಳ್ಳೋಕೆ ಒಂದು ದಾರಿ ಆಗತ್ತೆ. ನಮ್ಮಲ್ಲಿ ಗಂಡಸು ಅಳಬಾರದು ಅಂತ ಬೆಳೆಸಿರೋದ್ರಿಂದ ಅವರ ಖಿನ್ನತೆ ಕಣ್ಣೀರಾಗಿ ಕಾಣಲ್ಲ, ಸಿಟ್ಟಾಗಿ ಕಾಣತ್ತೆ, ಅದು 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗಲಾದ್ರೂ ನಮಗೆ ಅರ್ಥ ಆಗಬೇಕಿತ್ತು. ಸಾಯೋ ಮಾತಾಡೋರನ್ನ ಒಬ್ಬರನ್ನೇ ಬಿಡಬೇಡಿ, ಬೆಳೆಗೆ ಹೊಡೆಯೋ ಔಷಧಿ ಮನೇಲಿದ್ರೆ ಆಚೆ ಸಾಗಿಸಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಫ್ರೀ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಪೊಲೀಸ್ ಕೇಸ್ ಆಗತ್ತೆ ಅನ್ನೋ ಭಯಕ್ಕೆ ಮುಚ್ಚಿಡಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಪಟ್ಟೋರು ತೀವ್ರ ಒತ್ತಡದಲ್ಲಿದ್ರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡೋ ಹಾಗಿಲ್ಲ.

ಹಿರಿಯರನ್ನ ಒಪ್ಪಿಸೋದು

ಮನೇಲಿ ಯಾರ ಮಾತು ನಡೆಯತ್ತೆ ಅಂತ ನೋಡ್ಕೊಳ್ಳಿ. ಬಹಳ ಸಲ ಅಪ್ಪ ಅಲ್ಲ, ಸೋದರಮಾವ ಆಗಿರ್ತಾರೆ, ಇಲ್ಲಾ ಊರಲ್ಲಿ ಒಬ್ಬ ಮೇಷ್ಟ್ರು ಇರ್ತಾರೆ. ಅವರ ಹತ್ರ ಮೊದಲು ಮಾತಾಡಿ. ಹೇಳೋ ಮಾತು "ದೇವ್ರು ಗೀವ್ರು ಬಿಟ್ಟು ಆಸ್ಪತ್ರೆಗೆ ಹೋಗೋಣ" ಅಂತ ಆಗ್ಬಾರ್ದು. "ಮಾವ, ಹರಕೆ ಕಟ್ಕೊಳ್ಳೋಣ, ಅಮಾಸೆಗೆ ಮಾದಪ್ಪನ ಬೆಟ್ಟಕ್ಕೂ ಹೋಗೋಣ, ಆದ್ರೆ ಅಷ್ಟರವರ್ಗೂ ಅವ್ನು ನಿದ್ದೆ ಇಲ್ದೆ ಸೊರಗೋಗ್ತಾನೆ, ನಿದ್ದೆಗೆ ಊಟಕ್ಕೆ ಒಂದು ದಾರಿ ಮಾಡೋಕೆ ಡಾಕ್ಟ್ರಿಗೆ ತೋರ್ಸೋಣ" ಅನ್ನಿ. ನಿದ್ದೆ, ಊಟ, ಈ ಎರಡು ಮಾತಿಗೆ ಇಲ್ಲ ಅನ್ನೋ ಹಿರಿಯರು ಕಮ್ಮಿ. ಸಿಟಿ ಮನೇಲಿ "ಸೈಕಿಯಾಟ್ರಿ ಎಲ್ಲಾ ಫಾರಿನ್ನೋರದ್ದು, ನಮಗೆ ಧ್ಯಾನ ಇದೆ" ಅನ್ನೋ ತಾತ ಇದ್ರೆ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯ್ತು, ಅದನ್ನ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮನೇಲಿ ಆಕಾಶವಾಣಿ ಶುರು ಮಾಡಿದ್ದು ಅಂತ ನೆನಪಿಸಿ, ಅವರಿಗೂ ಹೆಮ್ಮೆ ಆಗತ್ತೆ.

ಆಗೋದಾದ್ರೆ ಗುಡ್ಡಪ್ಪನನ್ನೇ ನಿಮ್ಮ ಕಡೆ ಮಾಡ್ಕೊಳ್ಳಿ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರೋ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ದವಾ ಮತ್ತು ದುವಾ ಅಂತ ನಡೀತಿದೆ, ಅಲ್ಲಿನ ಮುಜಾವರ್‌ಗಳು ಪ್ರಾರ್ಥನೆನೂ ಮಾಡ್ತಾರೆ, ಜೊತೆಗೆ ಅಲ್ಲೇ ಇರೋ ಮನೋವೈದ್ಯರ ಹತ್ರನೂ ಕಳಿಸ್ತಾರೆ. ನಮ್ಮ ಊರಿನ ಪೂಜಾರಪ್ಪ "ದೇವರ ಅಪ್ಪಣೆ ಆಗಿದೆ, ಔಷಧಿನೂ ತಗೊಳ್ಳಲಿ" ಅಂತ ಒಂದು ಮಾತು ಹೇಳಿದ್ರೆ ನೀವು ಆರು ತಿಂಗಳು ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಆಗತ್ತೆ. ಹೋಗಿ ಕಾಯಿ ಹಣ್ಣು ಇಟ್ಟು ಕೇಳೋದ್ರಲ್ಲಿ ತಪ್ಪೇನಿದೆ.

ಹಾಗಂತ ಎಲ್ಲಾ ಕಡೆ ಒಪ್ಕೊಳ್ಳಿ ಅಂತಲ್ಲ. ನಿಮ್ಹಾನ್ಸಿನ ಡಾ. ರಘುರಾಮ್ ಮತ್ತು ಜೊತೆಯವರು ತಮಿಳುನಾಡಿನ ಒಂದು ಚಿಕ್ಕ ದೇವಸ್ಥಾನದಲ್ಲಿ ಉಳ್ಕೊಂಡಿದ್ದ 31 ರೋಗಿಗಳನ್ನ ನೋಡಿದ್ರು, 2002ರಲ್ಲಿ ಅದು ಪ್ರಕಟ ಆಯ್ತು, ಅಲ್ಲಿ ಹೊಡೆತ ಇಲ್ಲ, ಸರಪಳಿ ಇಲ್ಲ, ಮನೆಯವರು ಜೊತೆಗಿರ್ತಾರೆ, ರೋಗಿಗಳು ಗುಡಿಸೋದು ಗಿಡಕ್ಕೆ ನೀರು ಹಾಕೋದು ಮಾಡ್ಕೊಂಡು ಕೆಲವು ವಾರ ಇರ್ತಾರೆ, ಲಕ್ಷಣಗಳು ಸುಮಾರು 20 ಪರ್ಸೆಂಟ್ ಕಮ್ಮಿ ಆಗಿದ್ವು. ಬೈಗುಳ ಇಲ್ಲದ, ಎಲ್ಲರೂ ಒಪ್ಪಿಕೊಳ್ಳೋ ಜಾಗದಲ್ಲಿ ಮನುಷ್ಯನಿಗೆ ಅಷ್ಟಾದ್ರೂ ನೆಮ್ಮದಿ ಸಿಗತ್ತೆ. ಅದೇ ತಮಿಳುನಾಡಿನ ಏರ್ವಾಡಿ ದರ್ಗಾ ಹತ್ರ ಮನೋರೋಗಿಗಳನ್ನ ಇಟ್ಕೊಂಡಿದ್ದ ಒಂದು ಆಶ್ರಮದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳೀಲಿ ಕಟ್ಟಿದ್ದ 28 ರೋಗಿಗಳು ಓಡೋಕಾಗದೆ ಸುಟ್ಟು ಸತ್ರು. ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಕಿವುಚತ್ತೆ. ಹಾಗಾಗಿ ಕಟ್ಟಿ ಹಾಕೋದು, ಹೊಡೆಯೋದು, ಮೆಣಸಿನಕಾಯಿ ಹೊಗೆ, ಬರೆ, ಊಟ ಬಿಡಿಸೋದು, ಮಾತ್ರೆ ನಿಲ್ಲಿಸು ಅನ್ನೋದು, ಸಾವಿರಾರು ರೂಪಾಯಿ ಕೇಳೋದು, ಹೆಣ್ಣುಮಕ್ಕಳನ್ನ ಒಬ್ಬರನ್ನೇ ಒಳಗೆ ಕರೆಯೋದು, ಇವುಗಳಲ್ಲಿ ಒಂದು ಕಂಡ್ರೂ ಅಲ್ಲಿಂದ ಎದ್ದು ಬನ್ನಿ. ಸರಪಳಿ ಹಾಕೋದು ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಷಿದ್ಧ, ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ.

ಎಲ್ಲಿಗೆ ಹೋಗೋದು, ಏನು ಹೇಳೋದು

ಮೊದಲೇ ನಿಮ್ಹಾನ್ಸಿಗೆ ಓಡಬೇಕಾಗಿಲ್ಲ, ಆ ಹೆಸರು ಕೇಳಿದ್ರೇ ಎಷ್ಟೋ ಮನೇಲಿ ಗಾಬರಿ ಆಗ್ತಾರೆ. ಮೈಸೂರಲ್ಲಿ ಕೆ. ಆರ್. ಆಸ್ಪತ್ರೆ, ಜೆಎಸ್ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ನಾಗಮಂಗಲ ತಾಲೂಕಿನವರಿಗೆ ಬಿ. ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಎಲ್ಲಾ ಕಡೆ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರ್ತಾರೆ, ಈ ವಾರ ಇದ್ದಾರಾ ಅಂತ ಕೇಳ್ಕೊಂಡು ಹೋಗಿ. ಊರ ಹತ್ರದ ಆಸ್ಪತ್ರೇಲೇ ಮನಸ್ಸಿನ ಕಾಯಿಲೆಗೂ ಔಷಧಿ ಸಿಗಬೇಕು ಅನ್ನೋದನ್ನ 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೇಲೇ ಮಾಡಿ ತೋರಿಸಿ ಆಮೇಲೆ ದೇಶಕ್ಕೆಲ್ಲಾ ಹಂಚಿದ್ದು, ಹಾಗಾಗಿ ಹಕ್ಕಿಂದ ಕೇಳಿ.

ಒಳಗೆ ಹೋದಾಗ ಗಾಳಿ, ಮಾಟದ ವಿಷಯ ಮುಚ್ಚಿಡಬೇಡಿ. ಡಾಕ್ಟರ್ ಬೈತಾರೆ ಅಂತ ಬಹಳ ಜನ ತಾಯಿತ ಬಿಚ್ಚಿಟ್ಟು ಹೋಗ್ತಾರೆ. ತಾಯಿತ ಇರಲಿ, "ಮನೇಲಿ ಹಿಂಗಂತಾರೆ, ಇಂಥ ಕಡೆ ಹೋಗಿದ್ವಿ, ನಾಟಿ ಔಷಧಿ ಕುಡಿಸಿದ್ವಿ" ಅಂತ ಹೇಳಿ, ಅದರಲ್ಲೂ ಕುಡಿಸಿದ್ದು ಹೇಳಲೇಬೇಕು, ಮಾತ್ರೆ ಜೊತೆ ತೊಂದರೆ ಕೊಡಬಹುದು. ನೋಟ್‌ಬುಕ್ ತೋರಿಸಿ. ರೋಗಿಗೆ ಒಬ್ಬನಿಗೇ ಮಾತಾಡೋಕೆ ಅವಕಾಶ ಕೊಡಿ ಅಂತ ನೀವೇ ಕೇಳಿ, ಐದು ಜನ ನೆಂಟರು ಸುತ್ತ ನಿಂತಿದ್ರೆ ಯಾವ ಹುಡುಗ ಬಾಯಿ ಬಿಡ್ತಾನೆ. ಥೈರಾಯ್ಡ್, ಬಿ12 ಟೆಸ್ಟ್ ಬೇಕಾ ಅಂತಲೂ ಕೇಳಿ, ಅವು ಕಮ್ಮಿ ಇದ್ರೂ ಮಂಕು, ಸುಸ್ತು, ಮರೆವು ಬರತ್ತೆ.

ಮಾತ್ರೆ, ಪಥ್ಯ, ಉಪವಾಸ

ನಮ್ಮವರಿಗೆ ಔಷಧಿ ಅಂದ್ರೆ ಪಥ್ಯ ಇರಲೇಬೇಕು, ಪಥ್ಯ ಇಲ್ಲದ ಔಷಧಿ ಮೇಲೆ ನಂಬಿಕೆ ಬರಲ್ಲ. ಇದನ್ನೇ ಉಪಯೋಗಿಸ್ಕೊಳ್ಳಿ. ಡಾಕ್ಟರ್ ಹತ್ರನೇ ಪಥ್ಯ ಏನು ಅಂತ ಕೇಳಿ, ಕುಡಿಯೋ ಹಾಗಿಲ್ಲ, ಸಂಜೆ ಮೇಲೆ ಕಾಫಿ ಬೇಡ, ಹತ್ತು ಗಂಟೆಗೆ ಮಲಗಬೇಕು, ಇಷ್ಟನ್ನ ಅವರ ಬಾಯಲ್ಲೇ ಅಜ್ಜಿ ಮುಂದೆ ಹೇಳಿಸಿ, ಅಜ್ಜಿ ಉಳಿದಿದ್ದನ್ನ ನೋಡ್ಕೋತಾಳೆ. ಖಿನ್ನತೆ ಮಾತ್ರೆ ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು ಅಂತ ಮೊದಲೇ ಹೇಳಿಡಿ, ಇಲ್ಲಾಂದ್ರೆ ಐದನೇ ದಿನಕ್ಕೆ "ಏನೂ ಆಗ್ಲಿಲ್ಲ, ಬರೀ ನಿದ್ದೆ ಮಾತ್ರೆ" ಅಂತ ನಿಲ್ಲಿಸ್ತಾರೆ. ಉಷ್ಣ ಆಯ್ತು, ಬಾಯಿ ಒಣಗತ್ತೆ, ಮೈ ಬಿಗಿ, ತೂಕ ಏರ್ತಿದೆ ಅಂದ್ರೆ ಅದು ನಿಜವಾದ ತೊಂದರೆನೇ, ಹೋಗಿ ಹೇಳಿದ್ರೆ ಮಾತ್ರೆ ಬದಲಾಯಿಸ್ತಾರೆ, ನೀವಾಗೇ ನಿಲ್ಲಿಸ್ಬೇಡಿ, ವಾಸಿಯಾಯ್ತು ಅನ್ಸಿದ ಮೇಲೂ ಡಾಕ್ಟರ್ ಹೇಳಿದಷ್ಟು ತಿಂಗಳು ತಗೋಬೇಕು.

"ಒಂದು ಮದುವೆ ಮಾಡಿದ್ರೆ ಸರಿಹೋಯ್ತಾನೆ" ಅನ್ನೋ ಮಾತು ಬಂದೇ ಬರತ್ತೆ. ಇಲ್ಲಿ ಮಾತ್ರ ಗಟ್ಟಿಯಾಗಿ ನಿಂತ್ಕೊಳ್ಳಿ. ಕಾಯಿಲೆ ಇರೋರು ಮದುವೆ ಆಗಬಾರದು ಅಂತಲ್ಲ, ಹತೋಟಿಗೆ ಬಂದ ಮೇಲೆ, ಇನ್ನೊಂದು ಕಡೆಯವರಿಗೆ ಹೇಳಿ, ಮಾತ್ರೆ ಮುಂದುವರಿಸ್ಕೊಂಡು ಚೆನ್ನಾಗಿ ಸಂಸಾರ ಮಾಡ್ತಿರೋರು ಬೇಕಾದಷ್ಟಿದ್ದಾರೆ. ಮುಚ್ಚಿಟ್ಟು ಮಾಡಿದ್ರೆ ಇನ್ನೊಂದು ಮನೆ ಹೆಣ್ಣುಮಗಳ ಬಾಳು ಹಾಳು, ಮಾತ್ರೆನೂ ಕದ್ದುಮುಚ್ಚಿ ತಗೊಳ್ಳೋದಾಗಿ ಕೊನೆಗೆ ನಿಂತೇ ಹೋಗತ್ತೆ.

ನಮ್ಮ ಸಂಸಾರಗಳಿಗೆ ಒಂದು ಬಲ ಇದೆ. ವಿಶ್ವ ಆರೋಗ್ಯ ಸಂಸ್ಥೆ 1967ರ ಸುಮಾರಿಗೆ ಶುರು ಮಾಡಿದ ಒಂಬತ್ತು ದೇಶಗಳ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಬಂದೋರು ಶ್ರೀಮಂತ ದೇಶಗಳಿಗಿಂತ ಭಾರತ, ನೈಜೀರಿಯಾದಲ್ಲಿ ಚೆನ್ನಾಗಿ ಸುಧಾರಿಸಿದ್ದು ಕಂಡಿತ್ತು, ನಮ್ಮ ಕಡೆಯಿಂದ ಆಗ್ರಾ ಸೇರಿತ್ತು. ಯಾಕೆ ಅನ್ನೋದರ ಬಗ್ಗೆ ಆಮೇಲೆ ವಿದ್ವಾಂಸರಲ್ಲಿ ಬಹಳ ಚರ್ಚೆ ಆಗಿದೆ, ಸುಮಾರು ಜನ ಕೊಡೋ ಒಂದು ಕಾರಣ ಮನೆಯವರು ಕೈಬಿಡಲ್ಲ, ಪೂರ್ತಿ ವಾಸಿಯಾಗದಿದ್ರೂ ಹಸು ಮೇಯಿಸೋದೋ ಅಂಗಡೀಲಿ ಕೂರೋದೋ ಒಂದು ಕೆಲಸ ಕೊಡ್ತಾರೆ ಅನ್ನೋದು. ಇದನ್ನ ನೀವೂ ಮಾಡಿ. ಮೊದಲ ವಾರದಿಂದಲೇ ಸಣ್ಣ ಕೆಲಸ ಕೊಡಿ, ಹಾಲು ಡೇರಿಗೆ ಹಾಕಿ ಬರೋದು ಅಷ್ಟಾದ್ರೂ, ಮಾಡಿದ್ದಕ್ಕೆ ಬೈಬೇಡಿ. ಮನೇಲಿ ದಿನಾ ಚುಚ್ಚು ಮಾತು ಇದ್ರೆ ಕಾಯಿಲೆ ಮತ್ತೆ ಮರುಕಳಿಸೋದು ಜಾಸ್ತಿ. ಬಹಳ ವರ್ಷದ ಕಾಯಿಲೆ ಆಗಿ ದುಡಿಯೋಕಾಗದಿದ್ರೆ ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ಅಂಗವೈಕಲ್ಯ 40 ಪರ್ಸೆಂಟ್ ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರೆ ಅಂಗವಿಕಲರ ಸೌಲಭ್ಯ ಮನಸ್ಸಿನ ಕಾಯಿಲೆಗೂ ಸಿಗತ್ತೆ.

ಅಕ್ಕಪಕ್ಕದವರು ಏನಾಗಿದೆ ಅಂತ ಕೇಳಿದ್ರೆ "ನಿದ್ದೆ ಇರ್ಲಿಲ್ಲ, ಡಾಕ್ಟ್ರಿಗೆ ತೋರಿಸ್ತಾ ಇದೀವಿ, ಈಗ ಪರವಾಗಿಲ್ಲ" ಅಷ್ಟು ಸಾಕು, ಸುಳ್ಳೂ ಅಲ್ಲ, ಪೂರ್ತಿ ಕಥೆನೂ ಅಲ್ಲ.

ಹರಕೆ ತೀರಿಸೋಕೆ ಹೋಗೋ ದಿನದ ಬಗ್ಗೆ ಒಂದು ಎಚ್ಚರಿಕೆ. ಮೂಡ್ ಏರುಪೇರಾಗೋ ಕಾಯಿಲೆಗೆ ಕೊಡೋ ಲಿಥಿಯಂ ಮಾತ್ರೆ ತಗೊಳ್ಳೋರು ನೀರು, ಉಪ್ಪು ದಿಢೀರ್ ಅಂತ ಕಮ್ಮಿ ಮಾಡಿದ್ರೆ ಅದು ರಕ್ತದಲ್ಲಿ ಏರಿ ವಿಷ ಆಗಬಹುದು. ನಿರಾಹಾರ ಉಪವಾಸ, ಬಿಸಿಲಲ್ಲಿ ಬರಿಗಾಲಲ್ಲಿ ಬೆಟ್ಟಕ್ಕೆ ನಡೆಯೋದು ಇದ್ರೆ ಮುಂಚೆನೇ ಡಾಕ್ಟರಿಗೆ ಹೇಳಿ. ಕೈ ಜೋರಾಗಿ ನಡುಗೋದು, ವಾಂತಿ ಭೇದಿ, ತೊದಲು ಮಾತು, ತೂರಾಡೋ ನಡಿಗೆ ಕಂಡ್ರೆ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹರಕೆನ ಮನೇಲಿ ಬೇರೆಯವರು ಅವನ ಪರವಾಗಿ ನಡೆದು ತೀರಿಸ್ಬೋದು, ಅವನು ಬಸ್ಸಲ್ಲಿ ಬರಲಿ. ಬ್ಯಾಗಲ್ಲಿ ಎರಡು ದಿನದ ಮಾತ್ರೆ ಜಾಸ್ತಿ ಇರಲಿ, ಚೀಟಿ ಫೋಟೋ ತೆಗೆದು ಮನೆಯ ಇಬ್ಬರ ಫೋನಲ್ಲಿ ಇಟ್ಕೊಳ್ಳಿ, ಅಮಾವಾಸ್ಯೆ ಜನಜಂಗುಳೀಲಿ ರಾತ್ರಿ ಮಾತ್ರೆ ಮರ್ತೋಗದ ಹಾಗೆ ಒಬ್ಬರು ನೋಡ್ಕೊಳ್ಳಿ.